ನಗುವುದನ್ನು ಬಿಟ್ಟಿದ್ದೇನೆ ಎಂದು ಬರೆದೆಯಲ್ಲ

ರಾಯಚೂರು

ಚಿ. ಸೌ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಬಂತು. ನಾಲ್ಕು ಪುಟಗಳಲ್ಲಿ ಮೂರುಮುಕ್ಕಾಲು ಪುಟ ಓದುವ ತನಕ ನೆಮ್ಮದಿಯಾಗಿಯೇ ಇದ್ದೆ. ಕೊನೆಯಲ್ಲಿ, ಜಾಗ ಸಾಲದೆ ಕಾಗದದ ಅಂಚಿಗೆ ಒತ್ತಿ ಬರೆದ ಎರಡು ಸಾಲು ನೋಡಿ ಕನ್ನಡಕ ತೆಗೆದಿಟ್ಟೆ. "ಕೂಸನ್ನು ಎತ್ತಿಕೊಂಡಾಗ ಅವನು ನಗಿಸಿಬಿಟ್ಟರೆ ನನ್ನ ಕೈ ಸಡಿಲವಾಗುತ್ತದೆಂಬ ಭಯ, ದೊಡ್ಡಪ್ಪ. ಅದಕ್ಕೇ ಅವನ ಎದುರು ನಗುವುದನ್ನೇ ಬಿಟ್ಟಿದ್ದೇನೆ."

ಬೆಂಗಳೂರಿನ ತಪಾಸಣೆ, ನಾರ್ಕೊಲೆಪ್ಸಿ ಎಂಬ ನಿದ್ದೆಯ ಕಾಯಿಲೆ ಎಂದದ್ದು, ಮಾತ್ರೆ, ನಿನ್ನ ಅತ್ತೆಯವರ ಮಾತು ಎಲ್ಲವನ್ನೂ ನಿನ್ನ ಅಪ್ಪ ಫೋನಿನಲ್ಲಿ ಹೇಳಿದ್ದಾನೆ. ಅವನ್ನು ಮತ್ತೆ ಕೆದಕುವುದಿಲ್ಲ. ರಾತ್ರಿಯಿಡೀ ತಲೆಗೆ ತಂತಿ ಅಂಟಿಸಿ ಮಲಗಿಸಿದರಂತೆ, ಮರುದಿನ ಹಗಲಿನಲ್ಲಿ ಎರಡೆರಡು ತಾಸಿಗೊಮ್ಮೆ ಇಪ್ಪತ್ತು ನಿಮಿಷ ಮಲಗು ಎಂದರಂತೆ. ನಿದ್ದೆಯ ಪರೀಕ್ಷೆಯಲ್ಲೂ ನಮ್ಮ ಹುಡುಗಿಯೇ ಮೊದಲು ಎಂದು ನಿನ್ನ ಅಪ್ಪ ತಮಾಷೆ ಮಾಡಿದ. ನನಗೆ ನಗು ಬರಲಿಲ್ಲ.

ನಿನ್ನ ಕಾಕಾನ ಸೋಮಾರಿತನದ ಕಥೆಗಳನ್ನು ನೀನು ಚಿಕ್ಕಂದಿನಿಂದ ಕೇಳಿದ್ದೀಯೆ. ಜಿನ್ನಿಂಗ್ ಕಾರ್ಖಾನೆಯಲ್ಲಿ ಹತ್ತಿ ಅಂಡಿಗೆಗಳ ಮೇಲೆ ಮಲಗಿ ಕೆಲಸ ಕಳೆದುಕೊಂಡದ್ದು, ಬಂಡಿ ಹೊಡೆಯುತ್ತಲೇ ನಿದ್ದೆಹೋಗಿ ಎತ್ತುಗಳು ಕರೆದೊಯ್ದ ಊರು ಸೇರಿದ್ದು. ಅವನ್ನೆಲ್ಲ ಹಬ್ಬ ಹುಣ್ಣಿಮೆಗೆ ರಸವತ್ತಾಗಿ ಹೇಳುತ್ತಿದ್ದವನು ನಾನೇ. ಹೇಳದೆ ಉಳಿಸಿಕೊಂಡದ್ದು ಒಂದಿದೆ.

1978ರ ಬೇಸಿಗೆ, ದೇವದುರ್ಗದ ಕಡೆ ಒಂದು ಮದುವೆ. ಊಟ ಮುಗಿದು ಚಪ್ಪರದ ಕೆಳಗೆ ಇಸ್ಪೀಟು ನಡೆದಿತ್ತು. ಕಾಕಾ ಜೋರಾಗಿ ನಕ್ಕರೆ ಕುಸಿದು ಬೀಳುತ್ತಾನೆ ಎಂಬುದು ನಮಗೆಲ್ಲ ಗೊತ್ತು. ಮೊದಲು ಗದ್ದ ಜೋತುಬೀಳುತ್ತಿತ್ತು, ಆಮೇಲೆ ಕತ್ತು, ಆಮೇಲೆ ಇಡೀ ಆಳು, ಗೂಟಕ್ಕೆ ಹಾಕಿದ ಹಸಿ ಧೋತರ ಜಾರಿದ ಹಾಗೆ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷಕ್ಕೆ ತಾನೇ ಎದ್ದು ಕೂರುತ್ತಿದ್ದ. ಬೀಗರ ಹುಡುಗರಿಗೆ ಅದನ್ನು ತೋರಿಸಬೇಕೆಂಬ ಹುರುಪು ನನಗೆ. ಅವನನ್ನು ಎಬ್ಬಿಸಿ ನಿಲ್ಲಿಸಿ, ನಮ್ಮ ಸೋದರಮಾವ ಎಮ್ಮೆ ಮಾರಲು ಸಂತೆಗೆ ಹೋಗಿ, ಬಣ್ಣ ಹಚ್ಚಿದ ಅದೇ ಎಮ್ಮೆಯನ್ನು ಕೊಂಡು ತಂದ ಕಥೆ ಹೇಳಿದೆ. ಬಿದ್ದ. ಯಾರೋ ಮೂರ್ಛೆ ಎಂದು ಅಂಗೈಗೆ ಕಬ್ಬಿಣದ ಕೀಲಿ ತುರುಕಿದರು, ಇನ್ನೊಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ನಾನು ಅವನ ತಲೆಯ ಹತ್ತಿರವೇ ನಿಂತು, "ಏನೂ ಇಲ್ಲ, ಎಲ್ಲ ನಾಟಕ. ದುಡಿ ಎಂದರೂ ಹೀಗೇ ಬೀಳುತ್ತಾನೆ" ಎಂದೆ.

ಆಮೇಲೆ ಅವನು ಯಾವ ಮದುವೆಗೂ ಬರಲಿಲ್ಲ. ಇಸ್ಪೀಟು ಬಿಟ್ಟ. ಕಟ್ಟೆಯ ಮೇಲೆ ನಗುವಿನ ಮಾತು ಶುರುವಾದರೆ ಎದ್ದು ಹೋಗುತ್ತಿದ್ದ. ಮುಖ ಗಂಟಿಕ್ಕಿಕೊಂಡಿರುವವನು ಎಂದು ಹೆಸರಾಯಿತು. ಹದಿನೆಂಟು ವರ್ಷ ಹಾಗೆಯೇ ಇದ್ದು 1996ರಲ್ಲಿ ಹೋದ.

ಬಿದ್ದಾಗಲೂ ಎಚ್ಚರವಿರುತ್ತದೆ, ಸುತ್ತ ಆಡಿದ್ದೆಲ್ಲ ಕೇಳಿಸುತ್ತದೆ, ನಾಲಿಗೆ ಮಾತ್ರ ಏಳುವುದಿಲ್ಲ ಎಂದು ನೀನು ಎರಡನೆಯ ಪುಟದಲ್ಲಿ ಬರೆದಿದ್ದೀಯೆ. ಓದಿದಾಗ ನನಗೇನೂ ಹೊಳೆಯಲಿಲ್ಲ. ರಾತ್ರಿ ಮಾಳಿಗೆಯ ಮೇಲೆ ಮಲಗಿದ್ದಾಗ ಹೊಳೆಯಿತು. ಅವನಿಗೆ ಕೇಳಿಸಿತ್ತು.

ಮರುದಿನ ಮೊಮ್ಮಗನನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ಓದಿಸಿದೆ. ನಾರ್ಕೊಲೆಪ್ಸಿ ಎಂಬ ಹೆಸರನ್ನು ಫ್ರಾನ್ಸಿನ ವೈದ್ಯ ಜೆಲಿನೊ ಇಟ್ಟದ್ದು 1880ರಲ್ಲಿ. ನಾನು ನಾಟಕ ಎಂದ ದಿನಕ್ಕೆ ಆ ಹೆಸರಿಗೆ 98 ವರ್ಷ. ಎಚ್ಚರವನ್ನು ಹಿಡಿದು ನಿಲ್ಲಿಸುವ ಒರೆಕ್ಸಿನ್ ಎಂಬ ರಾಸಾಯನಿಕವನ್ನು ಪತ್ತೆ ಮಾಡಿದ್ದು 1998ರಲ್ಲಿ. ಮಿದುಳಿನಲ್ಲಿ ಅದನ್ನು ತಯಾರಿಸುವ ಕೋಶಗಳು ಸತ್ತರೆ ನಿನ್ನ ಹಾಗೆ ಆಗುತ್ತದೆಂದು ಅದಾದ ಮೇಲೆ ತಿಳಿಯಿತಂತೆ. ಕನಸು ಕಾಣುವಾಗ ಕೈಕಾಲು ಆಡದಂತೆ ಮೈಗೆ ಒಂದು ಅಗುಳಿ ಬೀಳುತ್ತದೆ, ಎಲ್ಲರಿಗೂ. ನಿಮಗೆ ಅದು ನಗುವಾಗ, ಎಚ್ಚರದಲ್ಲೇ ಬೀಳುತ್ತದೆ. ಕಾಕಾನಿಗೂ ಇದೇ ಇತ್ತೆಂದು ಯಾವ ವೈದ್ಯರೂ ಹೇಳಿಲ್ಲ. ನಾವು ಯಾರಿಗೆ ತೋರಿಸಿದ್ದೆವು! ಮನೆತನದ್ದು ಎಂದು ಯಾರಾದರೂ ಪಿಸುಗುಟ್ಟಿದರೆ ಕಿವಿಗೊಡಬೇಡ. ಈ ಕಾಯಿಲೆ ಇರುವವರ ಮಕ್ಕಳಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಬಂದರೆ ಬಂದೀತು, ಅಷ್ಟೇ.

ನಾನು ಬರೆಯಲು ಕೂತದ್ದು ಅದಕ್ಕಲ್ಲ. ನಗುವುದನ್ನು ಬಿಟ್ಟಿದ್ದೇನೆ ಎಂದೆಯಲ್ಲ, ಅದಕ್ಕೆ.

ನಿನ್ನ ಭಯ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಕೈ ಸಡಿಲವಾಗಬಹುದು. ಕೂಸು ಜಾರಬಹುದು. ಏನೂ ಆಗುವುದಿಲ್ಲ ಬಿಡು ಎಂದು ನಿನ್ನ ಅಪ್ಪ ಹೇಳಿದರೆ ಅವನ ಮಾತು ಕೇಳಬೇಡ. ಅವನು ಚಿಕ್ಕಂದಿನಿಂದಲೂ ಹಾಗೆಯೇ. ಆದರೆ ನಿಂತುಕೊಂಡೇ ಆಡಿಸಬೇಕೆಂದು ಯಾರು ಹೇಳಿದರು? ನೆಲಕ್ಕೆ ಕೂತು, ಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಬಿಟ್ಟುಕೋ. ನೀನು ವಾಲಿದರೆ ಅವನು ಒಂದು ಗೇಣು ಉರುಳಿ ಹಾಸಿಗೆಗೆ ಬೀಳುತ್ತಾನೆ. ಎರೆಯುವ ಕೆಲಸ ಬೇರೆಯವರು ಮಾಡಲಿ, ಇಲ್ಲವೇ ಯಾರಾದರೂ ಜೊತೆಗಿರಲಿ. ಮೆಟ್ಟಿಲು ಇಳಿಯುವಾಗ ಎತ್ತಿಕೊಳ್ಳಬೇಡ. ವೈದ್ಯರು ಇದನ್ನೆಲ್ಲ ಹೇಳಿಯೇ ಇರುತ್ತಾರೆ, ಮುದುಕನ ಚಪಲ ಎಂದುಕೋ.

ಮಧ್ಯಾಹ್ನ ಶಾಲೆಯಲ್ಲಿ ಒಂದು ಇಪ್ಪತ್ತು ನಿಮಿಷ ಮಲಗಲು ಜಾಗ ಕೇಳು. ಮುಖ್ಯೋಪಾಧ್ಯಾಯರಿಗೆ ಕಾಗದಪತ್ರ ತೋರಿಸಿಯೇ ಕೇಳು. ಕೇಳುವುದಕ್ಕೆ ನಾಚಿಕೆಯಾಗುತ್ತದೆ, ಬಲ್ಲೆ. ನಗುವಾಗ ಬೀಳದಿರಲೆಂದು ಕೊಟ್ಟ ಮಾತ್ರೆಯನ್ನು ಗುಣವಾಯಿತೆಂದು ನೀನಾಗಿಯೇ ಬಿಡಬೇಡ; ಒಮ್ಮೆಲೇ ಬಿಟ್ಟರೆ ಬೀಳುವುದು ಹೆಚ್ಚಾಗುತ್ತದಂತೆ. ಸ್ಕೂಟಿಯ ಮಾತು ಸದ್ಯಕ್ಕೆ ಬೇಡ. ಮತ್ತೇನು ಹೇಳಲಿ, ನನಗೆ ಇಷ್ಟೇ ತಿಳಿದದ್ದು.

ಕಾಕಾನ ಮಗಳು ಒಮ್ಮೆ ನನ್ನನ್ನು ಕೇಳಿದ್ದಳು, "ಅಪ್ಪನಿಗೆ ನನ್ನ ಮೇಲೆ ಯಾಕೆ ಸಿಟ್ಟು?" ಎಂದು. ಆಗ ಅವಳಿಗೆ ಆರೇಳು ವರ್ಷವಿರಬೇಕು. ಅವನು ಹಾಗೆಯೇ ಬಿಡು ಎಂದು ಕಳಿಸಿದೆ. ಈಗ ಅವಳಿಗೂ ಒಂದು ಪತ್ರ ಬರೆಯಬೇಕಾಗಿದೆ. ಎರಡು ದಿನದಿಂದ ಕಾಗದ ತೆಗೆದಿಟ್ಟಿದ್ದೇನೆ, ಮೊದಲ ಸಾಲು ಬರುತ್ತಿಲ್ಲ.

ಪೇಟೆಯ ಅಂಗಡಿಯಲ್ಲಿ ಹತ್ತು ಕಿಲೋ ಹತ್ತಿ ಹೇಳಿದ್ದೇನೆ. ಹಳೆಯ ಗಾದಿಯಂತೆ ದಪ್ಪಗೆ ಒಂದು ಗಾದಿ ಮಾಡಿಸಿ, ಅದರ ಮೇಲೆ ಹಾಸಲು ನಿನ್ನ ದೊಡ್ಡವ್ವ ಹೊಲಿಯುತ್ತಿರುವ ಕೌದಿಯನ್ನೂ ಕಟ್ಟಿಕೊಂಡು, ಸಿಂಧನೂರು ಗಂಗಾವತಿ ಮೇಲೆ ಬರುವ ಬಸ್ಸಿಗೆ ಕೊಪ್ಪಳಕ್ಕೆ ಬರುತ್ತೇನೆ. ಎಮ್ಮೆಯ ಕಥೆ ನನಗಿನ್ನೂ ಮರೆತಿಲ್ಲ. ನೀನು ಗಾದಿಯ ಮೇಲೆ ಕೂತ ಮೇಲೆ ಹೇಳುತ್ತೇನೆ, ಕೂಸನ್ನು ನಾನು ಹಿಡಿದುಕೊಂಡಿರುತ್ತೇನೆ.

ನಡುಮನೆಯ ನೆಲದ ಅಳತೆ ಬರೆದು ಕಳುಹಿಸು. ಮಂಚದ್ದಲ್ಲ, ನೆಲದ್ದು.

ನಿನ್ನ ದೊಡ್ಡಪ್ಪ