ವಿಷಯ: ಎಎಂ ಹಿಡಿಯದ ಎಸ್‌ಡಿಆರ್ ಡಾಂಗಲ್, ಹಣ ವಾಪಸ್ ಮಾಡುವ ಬಗ್ಗೆ

ದೂರು ಅಧಿಕಾರಿಗಳಿಗೆ,

ನಮಸ್ಕಾರ. ಕಳೆದ ತಿಂಗಳು ನಿಮ್ಮಲ್ಲಿ 3,400 ರೂಪಾಯಿಗೆ ಒಂದು ಎಸ್‌ಡಿಆರ್ ಡಾಂಗಲ್, ಅಂದರೆ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಸಾಫ್ಟ್‌ವೇರಿನಿಂದ ರೇಡಿಯೊ ಹಿಡಿಯುವ ಸಾಧನ, ತರಿಸಿಕೊಂಡೆ. ಬೀದರಿನ ನಮ್ಮ ಮನೆಗೆ ಹೇಳಿದ ದಿನವೇ ಬಂತು, ಅದರಲ್ಲಿ ತಕರಾರಿಲ್ಲ. ತಕರಾರು ಡಬ್ಬದೊಳಗಿನ ಸಾಮಾನಿನದು. '500 ಕಿಲೋಹರ್ಟ್ಸ್‌ನಿಂದ ಹಿಡಿಯುತ್ತದೆ, ಡೈರೆಕ್ಟ್ ಸ್ಯಾಂಪ್ಲಿಂಗ್ ಇದೆ' ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದೀರಿ. (ಡೈರೆಕ್ಟ್ ಸ್ಯಾಂಪ್ಲಿಂಗ್ ಅಂದರೆ ಟ್ಯೂನರನ್ನು ಬಿಟ್ಟು ಆಂಟೆನಾದ ಸಿಗ್ನಲ್ಲನ್ನು ನೇರ ಚಿಪ್ಪಿಗೆ ಕೊಡೋದು.) ಅದನ್ನು ನೋಡಿಯೇ ಕೊಂಡದ್ದು. ಬರೀ ಎಫ್‌ಎಂ ಕೇಳೋಕೆ ಯಾರಾದರೂ ಇಷ್ಟು ದುಡ್ಡು ಹಾಕುತ್ತಾರಾ?

ಲ್ಯಾಪ್‌ಟಾಪಿನಲ್ಲೇ ಒಂದು ಎಎಂ ರೇಡಿಯೊ ಕಟ್ಟಬೇಕು ಅನ್ನೋದು ನನ್ನ ಆಸೆ. ಡಾಂಗಲಿನಿಂದ ಸೆಕೆಂಡಿಗೆ 2,40,000 ಸ್ಯಾಂಪಲ್ (ಸಿಗ್ನಲ್ಲಿನ ಅಳತೆ) ತಗೊಳ್ಳುತ್ತೇನೆ. ಫಿಲ್ಟರ್ ಹಾಕಿ ಐದರಲ್ಲಿ ಒಂದನ್ನು ಉಳಿಸಿಕೊಂಡರೆ 48,000, ಸೌಂಡ್ ಕಾರ್ಡಿಗೆ ಸರಿಯಾದ ಲೆಕ್ಕ. ಪ್ರತಿ ಸ್ಯಾಂಪಲ್ಲಿನಲ್ಲಿ ಐ ಮತ್ತು ಕ್ಯೂ ಅಂತ ಎರಡು ಸಂಖ್ಯೆ ಇರುತ್ತವೆ, ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ದನಿ ಸಿಗುತ್ತದೆ. ಜೊತೆಗೆ ಕ್ಯಾರಿಯರಿನ (ದನಿಯನ್ನು ಹೊತ್ತು ತರುವ ಅಲೆಯ) ಡಿಸಿ, ಅಂದರೆ ಬದಲಾಗದ ಭಾಗ, ಉಳಿದಿರುತ್ತದೆ, ಅದನ್ನು ಕಳೆದರಾಯಿತು. ಇಡೀ ಕೋಡ್ ನಲವತ್ತು ಸಾಲೂ ಇಲ್ಲ.

ಆದರೆ ಸಿಗ್ನಲ್ ಒಳಗೆ ಬಂದರೆ ತಾನೆ? 738 ಕಿಲೋಹರ್ಟ್ಸ್, ಅಂದರೆ ಹೈದರಾಬಾದ್ ಆಕಾಶವಾಣಿಗೆ ಇಟ್ಟರೆ ಸುಂಯ್ ಅನ್ನುವ ಸದ್ದು ಬಿಟ್ಟು ಏನೂ ಇಲ್ಲ. ಅದು 200 ಕಿಲೋವ್ಯಾಟ್ ಸ್ಟೇಷನ್. ಅದೇ ಮಾಳಿಗೆಯ ಮೇಲೆ ಅಪ್ಪನ ಹಳೇ ರೇಡಿಯೊ ಹಗಲಲ್ಲೂ ಹಿಡಿಯುತ್ತದೆ. ಡೈರೆಕ್ಟ್ ಸ್ಯಾಂಪ್ಲಿಂಗಿಗೆ ಚಿಪ್ಪಿನಲ್ಲಿರುವ ಎರಡು ಒಳದಾರಿ, ಐ ಬ್ರಾಂಚ್, ಕ್ಯೂ ಬ್ರಾಂಚ್ ಎರಡರಲ್ಲೂ ನೋಡಿದೆ. ಆಂಟೆನಾ ತಂತಿ ಕಿತ್ತರೂ ಸ್ಕ್ರೀನ್ ಮೇಲಿನ ಗೆರೆ ಅಲುಗಾಡುವುದಿಲ್ಲ. ಚಿಪ್ಪಿನ ಆ ದಾರಿಯ ಕಾಲಿಗೆ (ಪಿನ್ನಿಗೆ) ತಂತಿಯನ್ನೇ ಬೆಸೆದಿಲ್ಲ ಅಂತ ತಾನೆ ಇದರರ್ಥ? ಮಾಮೂಲಿ ಮೋಡಿನಲ್ಲಂತೂ ಟ್ಯೂನರ್ 24 ಮೆಗಾಹರ್ಟ್ಸ್ ಆಸುಪಾಸಿನಿಂದ ಕೆಳಗೆ ಇಳಿಯುವುದೇ ಇಲ್ಲ.

ನಿಮ್ಮ ಸಹಾಯವಾಣಿಯವರು ಮೊದಲು ಡ್ರೈವರ್ ಮತ್ತೆ ಹಾಕಿ ಅಂದರು. ಹಾಕಿದೆ. ಆಮೇಲೆ ಎಲ್‌ಇಡಿ ಬಲ್ಬಿನ ಗಲಾಟೆ ಇರಬಹುದು ಅಂದರು. ಇದು ನ್ಯಾಯವಾದ ಮಾತು, ಮೀಡಿಯಂ ವೇವ್‌ಗೆ, ಅಂದರೆ ಈ 738 ಇರುವ ಬ್ಯಾಂಡಿಗೆ, ಅದರ ಕಾಟ ಜಾಸ್ತಿ. ಹಾಗಾಗಿ ಒಂದು ಸಂಜೆ ಕರೆಂಟ್ ಹೋಗಿ ಇಡೀ ಓಣಿ ಕತ್ತಲಾದಾಗ ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿ ನೋಡಿದೆ. (ಕರೆಂಟ್ ಹೋಗಿದ್ದಕ್ಕೆ ಖುಷಿಪಟ್ಟವನು ಓಣಿಯಲ್ಲಿ ನಾನೊಬ್ಬನೇ.) ಸುಂಯ್ ಅನ್ನೋದು ಒಂಚೂರೂ ಕಡಿಮೆ ಆಗಲಿಲ್ಲ. ಕೊನೆಗೆ, ನಿಮ್ಮ ಕೋಡೇ ತಪ್ಪಿರಬೇಕು ಅಂದರು. ಗೆಳೆಯನ ಡಾಂಗಲ್ ತಂದು ಅದೇ ಲ್ಯಾಪ್‌ಟಾಪ್, ಅದೇ ತಂತಿ, ಅದೇ ಕೋಡಿಗೆ ಸಿಕ್ಕಿಸಿದೆ. 738ರಲ್ಲಿ ಮಿನಾರಿನ ಹಾಗೆ ಸಿಗ್ನಲ್ ಎದ್ದು ನಿಂತಿತು, ತೆಲುಗು ಮಾತು ಸ್ಪಷ್ಟವಾಗಿ ಕೇಳಿತು.

ಇಷ್ಟಾದ ಮೇಲೂ 'ಎಫ್‌ಎಂ ಬರುತ್ತಿದೆ, ಸಾಮಾನು ಸರಿ ಇದೆ' ಅಂತ ವಾಪಸ್ ತಗೊಳ್ಳಲು ಒಪ್ಪಲಿಲ್ಲ. ಎತ್ತು ಕೇಳಿದವನಿಗೆ ಕುರಿ ಕೊಟ್ಟು ನಾಲ್ಕು ಕಾಲಿದೆಯಲ್ಲ ಅಂದ ಹಾಗಾಯಿತು.

ನನ್ನ ಪೂರ್ತಿ ಹಣ ವಾಪಸ್ ಬರಬೇಕು. ಡಾಂಗಲನ್ನು ನಿಮ್ಮ ಖರ್ಚಿನಲ್ಲೇ ಒಯ್ಯಿರಿ. ನಾನು ಅದನ್ನು ಬಿಚ್ಚಿಲ್ಲ. 2020ರ ಇ-ಕಾಮರ್ಸ್ ನಿಯಮದಂತೆ ದೂರು ತಲುಪಿದ 48 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಎರಡೂ ಡಾಂಗಲ್‌ಗಳ ಸ್ಕ್ರೀನ್‌ಶಾಟ್, ಬಿಲ್ ಮತ್ತು ನಿಮ್ಮ ಜಾಹೀರಾತಿನ ಚಿತ್ರ ಲಗತ್ತಿಸಿದ್ದೇನೆ.

ಇಂತಿ,
ಬೀದರಿನ ನಿಮ್ಮ ಗ್ರಾಹಕ