ಸೂಜಿ ಶಿಬಿರಕ್ಕೆ ಸಂಘದ ಹೆಸರು ಯಾಕೆ?

ಮಾನ್ಯ ಸಂಪಾದಕರೇ,

ಡೊಂಬಿವಲಿಯ ನಮ್ಮ ಕನ್ನಡ ಸಂಘವೊಂದರಲ್ಲಿ ಮೊನ್ನೆ ಅಕ್ಯುಪಂಕ್ಚರ್, ಅಂದರೆ ಮೈಗೆ ಸೂಜಿ ಚುಚ್ಚಿ ಚಿಕಿತ್ಸೆ ಕೊಡುವ ಶಿಬಿರ ನಡೆಯಿತು. ಬಂದವರಲ್ಲಿ ಹೋಟೆಲಿನವರೇ ಜಾಸ್ತಿ. ಬೆಳಗ್ಗೆ ಐದಕ್ಕೆ ದೋಸೆ ಕಾವಲಿ ಮುಂದೆ ನಿಂತರೆ ರಾತ್ರಿವರೆಗೆ ಕೂರಲು ಪುರುಸೊತ್ತಿಲ್ಲದವರು. ಸೊಂಟ, ಮಂಡಿ ನೋಯದೆ ಇರುತ್ತದೆಯೇ? ನನ್ನ ತಕರಾರು ಅವರ ಮೇಲಲ್ಲ, ಹಂಚಿದ ಕರಪತ್ರದ ಮೇಲೆ. ಐದು ಸಾವಿರ ವರ್ಷದ ವಿದ್ಯೆಯಂತೆ, ಸಕ್ಕರೆ ಕಾಯಿಲೆಗೂ ರಾಮಬಾಣವಂತೆ. ಕೆಳಗೆ ಸಂಘದ ಹೆಸರು.

ಐದು ಸಾವಿರ ವರ್ಷ ಎಲ್ಲಿಂದ ಬಂತು? ಚೀನಾದ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯಲ್ಲಿ ವೈದ್ಯದ ಬರಹಗಳು ಸಿಕ್ಕಿವೆ. ಮೈಯೊಳಗಿನ ನಾಡಿಗಳ ಹಾದಿ ಅವುಗಳಲ್ಲಿದೆ, ಸೂಜಿಯ ಸುದ್ದಿಯೇ ಇಲ್ಲ. 1822ರಲ್ಲಿ ಅಲ್ಲಿನ ಚಕ್ರವರ್ತಿಯೇ ಅರಮನೆಯ ವೈದ್ಯಶಾಲೆಯಿಂದ ಈ ಸೂಜಿ ಚಿಕಿತ್ಸೆಯನ್ನು ತೆಗೆಸಿಹಾಕಿದ. ಮತ್ತೆ ಮೆರೆಸಿದ್ದು ಮಾವೋ ಸರ್ಕಾರ. ನಮ್ಮ ದೇಶಕ್ಕೆ ತಂದವರು ಡಾ. ಬಿಜಯ್ ಕುಮಾರ್ ಬಸು. ಅವರು 1938ರಲ್ಲಿ ಸೊಲ್ಲಾಪುರದ ಡಾ. ಕೋಟ್ನಿಸ್ ಜೊತೆ ಯುದ್ಧದ ಗಾಯಾಳುಗಳ ಚಿಕಿತ್ಸೆಗೆ ಚೀನಾಕ್ಕೆ ಹೋದ ಭಾರತದ ವೈದ್ಯರ ತಂಡದವರು. ಕೋಟ್ನಿಸ್ ಹೆಸರೆತ್ತಿದರೆ ಇಲ್ಲಿ ಯಾರೂ ಎದುರಾಡುವುದಿಲ್ಲ. ಆದರೆ ಅವರು ಹೆಸರು ಮಾಡಿದ್ದು ಗಾಯಾಳು ಸೈನಿಕರ ಆಪರೇಷನ್‌ನಿಂದ.

ಜರ್ಮನಿಯಲ್ಲಿ 1,162 ಸೊಂಟನೋವಿನವರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2007ರಲ್ಲಿ ಬಂತು. ಒಂದು ಗುಂಪಿಗೆ ಅಕ್ಯುಪಂಕ್ಚರ್ ಶಾಸ್ತ್ರ ಹೇಳುವ ಬಿಂದುಗಳಿಗೇ ಸೂಜಿ. ಇನ್ನೊಂದಕ್ಕೆ ಆ ಬಿಂದುಗಳನ್ನು ಬಿಟ್ಟು ಬೇರೆಲ್ಲೋ ಮೇಲುಮೇಲೆ ಚುಚ್ಚಿದರು. ಆರು ತಿಂಗಳಾದ ಮೇಲೆ ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ಗುಣ ಕಂಡಿತ್ತು, ಎರಡನೆಯದರಲ್ಲಿ 44. ಸೂಜಿಯಿಲ್ಲದೆ ಮಾಮೂಲಿ ಮಾತ್ರೆ, ವ್ಯಾಯಾಮ ಪಡೆದ ಮೂರನೆಯ ಗುಂಪಿನಲ್ಲಿ 27. ಸೂಜಿಯ ಅಭಿಮಾನಿಗಳು 48ನ್ನೂ 27ನ್ನೂ ತೋರಿಸಿ ಗೆದ್ದೆವು ಅನ್ನುತ್ತಾರೆ. ನಡುವಿನ 44ರ ಮಾತೇ ಎತ್ತುವುದಿಲ್ಲ. ಎಲ್ಲಿ ಚುಚ್ಚಿದರೂ ಹೆಚ್ಚುಕಮ್ಮಿ ಅಷ್ಟೇ ಅಂದಮೇಲೆ ಗೋಡೆ ಮೇಲೆ ಆ ಬಿಂದುಗಳ ಚಿತ್ರಪಟ ಸುಮ್ನೆ ಅಲಂಕಾರಕ್ಕಾ?

ಹಾಗಂತ ನೋವು ಇಳಿಯಿತು ಎಂದವರು ಸುಳ್ಳು ಹೇಳುತ್ತಿಲ್ಲ. ಮಲಗಿಸಿ, ಫ್ಯಾನ್ ಹಾಕಿ, ಅರ್ಧ ಗಂಟೆ ಪಕ್ಕದಲ್ಲೇ ಇದ್ದು, ಊಟ ಸೇರುತ್ತಾ, ನಿದ್ದೆ ಬರುತ್ತಾ, ಊರಿಗೆ ಯಾವಾಗ ಹೋಗಿದ್ರಿ ಅಂತ ವಿಚಾರಿಸುತ್ತಾರೆ. ಮುಂಬಯಿಯಲ್ಲಿ ಯಾವ ಡಾಕ್ಟರಿಗೆ ಅಷ್ಟು ಸಮಯ ಇದೆ? ಊರಿನ ಪಂಡಿತರ ಹತ್ತಿರ ಹೋದ ಹಾಗೆ ಅನ್ನಿಸುತ್ತದೆ. ಆ ನೆಮ್ಮದಿಗೆ ದುಡ್ಡು ಕೊಡುವುದು ಅವರವರ ಇಷ್ಟ.

ಸಕ್ಕರೆ ಕಾಯಿಲೆ ಹಾಗಲ್ಲ. ಏರಿದ್ದು ಎಷ್ಟೋ ಸಲ ಮೈಗೆ ಗೊತ್ತೇ ಆಗುವುದಿಲ್ಲ. ಶಿಬಿರದಲ್ಲಿ ಅಡುಗೆಯವರೊಬ್ಬರಿಗೆ ಮಾತ್ರೆ ಸದ್ಯಕ್ಕೆ ನಿಲ್ಲಿಸಿ ಎಂದರಂತೆ! ಕೇಳಿದರೆ, ಅಕ್ಯುಪಂಕ್ಚರ್‌ಗೆ ಮಹಾರಾಷ್ಟ್ರದಲ್ಲಿ 2015ರ ಕಾಯ್ದೆಯೇ ಇದೆಯಲ್ಲ ಎನ್ನುತ್ತಾರೆ. ಯಾರು ಚುಚ್ಚಬಹುದು ಅಂತ ಕಾಯ್ದೆ ಹೇಳಬಹುದು, ಚುಚ್ಚಿದರೆ ಸಕ್ಕರೆ ಇಳಿಯುತ್ತದೆ ಅಂತ ಹೇಳಲಾರದು, ಅಲ್ವಾ?

ಸಂಘದವರಲ್ಲಿ ಕೇಳುವುದಿಷ್ಟೇ. ಮತ್ತೆ ಹಾಲ್ ಕೊಡುವುದಾದರೆ ಕರಪತ್ರವನ್ನು ಅಚ್ಚಿಗೆ ಕೊಡುವ ಮುಂಚೆ ಒಬ್ಬ ಎಂಬಿಬಿಎಸ್ ಡಾಕ್ಟರಿಗೆ ತೋರಿಸಿ. ಯಾರ ಮಾತ್ರೆಯನ್ನೂ ನಿಲ್ಲಿಸುವುದಿಲ್ಲ ಅಂತ ಶಿಬಿರದವರಿಂದ ಮೊದಲೇ ಬರೆಸಿಕೊಳ್ಳಿ.

— ಸಂಘದ ಒಬ್ಬ ಸದಸ್ಯ, ಡೊಂಬಿವಲಿ