ಬಾಹ್ಯಾಕಾಶ ಗೊಂಬೆಗೆ ಕಂಬಳಿ ಕೊಪ್ಪೆ: ಬಣ್ಣಕ್ಕೆ ಮುಂಚಿನ ಕೆಲಸ

ಮಾನ್ಯ ಸಂಪಾದಕರೇ,

ಮೇಜಿನ ಮೇಲೆ ಆಡುವ ಯುದ್ಧದಾಟಗಳ ಪುಟ್ಟ ಬಾಹ್ಯಾಕಾಶ ಸೈನಿಕರನ್ನು ಕೊಪ್ಪಳ, ಗಂಗಾವತಿಯ ಮಕ್ಕಳೂ ಈಗ ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದಾರೆ. ಅರ್ಧ ಬಣ್ಣ ಬಳಿದ ಮೇಲೆ ಮೈಯೆಲ್ಲ ತರಿತರಿಯಾಗುತ್ತದೆ, ತೋಳು ಕಳಚುತ್ತದೆ, ಕಣ್ಣು ಮೂಗು ಬಣ್ಣದಡಿ ಮುಚ್ಚಿಹೋಗುತ್ತವೆ. ‘ನನಗೆ ಈ ಕೈಕೆಲಸ ಬರೋದಿಲ್ಲ’ ಎಂದು ಮಕ್ಕಳು ಗೊಂಬೆಯನ್ನು ಡಬ್ಬಿಗೆ ಹಾಕುತ್ತಾರೆ. ಅವರ ಕೈಯಲ್ಲಿ ತಪ್ಪಿಲ್ಲ. ಪೊಟ್ಟಣದ ಜೊತೆ ಬರುವ ಸೂಚನೆ ತಂಪು ದೇಶದವರಿಗೆ ಬರೆದದ್ದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಗಾಳಿ ಬೀಸಿದರೆ ಧೂಳು ಏಳುತ್ತದೆ.

ಎರಡನೆಯ ಕಾರಣ ಅವಸರ. ನಮ್ಮದೇ ತಾಲ್ಲೂಕಿನ ಕಿನ್ನಾಳದಲ್ಲಿ ಚಿತ್ರಗಾರರು ಗೊಂಬೆ ಮಾಡುವ ಕ್ರಮ ನೋಡಿದರೆ ಇದು ತಿಳಿಯುತ್ತದೆ. ಹಗುರ ಮರವನ್ನು ಕೆತ್ತಿ ಜೋಡಿಸಿದ ಮೇಲೆ ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟ ಮೆತ್ತುತ್ತಾರೆ. ಅದರ ಮೇಲೆ ಅರಿವೆಯ ತುಣುಕು, ಆಮೇಲೆ ಕಲ್ಲುಪುಡಿಯ ಲೇಪ. ಇಷ್ಟೆಲ್ಲ ಮುಗಿದ ಮೇಲೆ ಬಣ್ಣದ ಸರದಿ. ಪ್ಲಾಸ್ಟಿಕ್ ಗೊಂಬೆಗೂ ಕ್ರಮ ಇದೇ, ಸಾಮಗ್ರಿ ಮಾತ್ರ ಬೇರೆ. ಹಾಗೆಂದು ಕಿಟ್ಟವನ್ನೇ ಪ್ಲಾಸ್ಟಿಕ್ಕಿಗೆ ಮೆತ್ತಬಾರದು. ಮರಕ್ಕೆ ರಂಧ್ರಗಳಿವೆ, ಅಂಟು ಒಳಗಿಳಿದು ಹಿಡಿಯುತ್ತದೆ. ಪ್ಲಾಸ್ಟಿಕ್ಕಿನ ಮೈ ನುಣುಪು, ಒಣಗಿ ಕುಗ್ಗಿದ ಕಿಟ್ಟ ಚಕ್ಕೆ ಚಕ್ಕೆಯಾಗಿ ಉದುರುತ್ತದೆ.

ಮಾತು ಸ್ಪಷ್ಟವಾಗಲೆಂದು ಒಂದೇ ಗೊಂಬೆಯನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇವೆ: ಮಂಗಳ ಗ್ರಹದಲ್ಲಿ ಕಂಬಳಿ ಕೊಪ್ಪೆ ಹೊದ್ದು ಕಾವಲು ನಿಂತ ಯೋಧ. ಗೊಂಬೆಯ ಎತ್ತರ 32 ಮಿಲಿಮೀಟರ್. ಸುಮಾರು 1:56 ಅಳತೆ, ಅಂದರೆ ಗೊಂಬೆಯ ಒಂದು ಮಿ.ಮೀ. ನಿಜದ 56 ಮಿ.ಮೀ.ಗೆ ಸಮ. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಬಿಡಿಭಾಗಗಳನ್ನು ಉಗುರುಬೆಚ್ಚಗಿನ ಸಾಬೂನು ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬೇಕು. ಅಚ್ಚಿನಿಂದ ಬಿಡಿಸಲು ಸವರಿದ ಎಣ್ಣೆಯಂಥ ಪದಾರ್ಥ, ಮುಖ್ಯವಾಗಿ ರೆಸಿನ್ (ಅಚ್ಚಿಗೆ ಸುರಿದು ಗಟ್ಟಿಮಾಡುವ ರಾಳ) ಗೊಂಬೆಗಳಲ್ಲಿ, ಮೇಲೆ ಉಳಿದಿರುತ್ತದೆ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಅಚ್ಚಿನ ಎರಡು ಅರ್ಧಗಳು ಕೂಡಿದ ಕಡೆ ಉಳಿದ ಗೆರೆಯನ್ನು ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯಬೇಕು. ಅಲಗಿನಿಂದ ಕೆರೆದರೆ ಮೈಗೆ ಗಾಯವಾಗುತ್ತದೆ. ಬಿಟ್ಟರೆ, ಬಣ್ಣ ಬಳಿದ ಮೇಲೆ ಆ ಗೆರೆ ಇನ್ನೂ ಎದ್ದು ಕಾಣುತ್ತದೆ. ಬಾಗಿದ ರೆಸಿನ್ ಕೋವಿ ಇದ್ದರೆ ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ, ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿದರಾಯಿತು.

ಅಂಟಿನ ವಿಷಯದಲ್ಲಿ ಗೊಂದಲ ಹೆಚ್ಚು. ಪ್ಲಾಸ್ಟಿಕ್ ಅಂಟು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ರೆಸಿನ್ ಮತ್ತು ಲೋಹದ ಮೇಲೆ ಅದು ಏನೂ ಮಾಡದು, ಅಲ್ಲಿ ಫೆವಿಕ್ವಿಕ್‌ನಂಥ ಅಂಟೇ ಬೇಕು. ಆದರೆ ಈ ಅಂಟಿನ ಜೋಡಣೆ ಎಳೆತವನ್ನು ತಡೆದಷ್ಟು ಪೆಟ್ಟನ್ನು ತಡೆಯದು. ಗೊಂಬೆ ಮೇಜಿನಿಂದ ಬಿದ್ದರೆ ತೋಳು ಕಳಚುವುದು ಅದಕ್ಕೇ. ಭುಜದಲ್ಲೂ ತೋಳಿನಲ್ಲೂ ಕೈ ಡ್ರಿಲ್ಲಿನಿಂದ 1 ಮಿ.ಮೀ. ಅಗಲದ, 3 ಮಿ.ಮೀ. ಆಳದ ತೂತು ಕೊರೆದು ಕಾಗದದ ಕ್ಲಿಪ್ಪಿನ ತಂತಿ ತೂರಿಸಿ ಅಂಟಿಸಬೇಕು. ಎರಡು ತೂತು ಎದುರುಬದುರು ಬರುವುದಕ್ಕೆ ಸುಲಭ ಉಪಾಯವಿದೆ: ಒಂದು ತೂತಿನ ಬಾಯಿಗೆ ಬಣ್ಣದ ಚುಕ್ಕೆ ಇಟ್ಟು ಇನ್ನೊಂದು ಭಾಗವನ್ನು ಒತ್ತಿದರೆ ಕೊರೆಯಬೇಕಾದ ಜಾಗದ ಗುರುತು ಬೀಳುತ್ತದೆ. ಉಳಿದ ಸಂದಿಗೆ ಅಂಟಿನ ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿದರೆ ಕೂಡಲೇ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬೆನ್ನಿನ ಆಮ್ಲಜನಕದ ಕೊಳವೆಗೆ ಬಾಲ್‌ಪೆನ್ನಿನ ಸ್ಪ್ರಿಂಗ್ ಸಾಕು. ಒಳಗೆ ತಾಮ್ರದ ತಂತಿ ತೂರಿಸಿದರೆ ಬಾಗಿಸಿದಂತೆ ನಿಲ್ಲುತ್ತದೆ.

ಕೊಪ್ಪೆಯೇ ಈ ಗೊಂಬೆಯ ಜೀವ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇಕಾದದ್ದು ನೀಲಿ, ಹಳದಿ ಎರಡು ಪಟ್ಟಿಯಾಗಿ ಬರುವ ‘ಗ್ರೀನ್ ಸ್ಟಫ್’ ಪುಟ್ಟಿ, ಅಂದರೆ ಎರಡನ್ನೂ ಕಲಸಿದರೆ ಗಟ್ಟಿಯಾಗುವ ಮೆತ್ತೆ. ಎರಡೂ ಬಣ್ಣ ಒಂದಕ್ಕೊಂದು ತಾಗಿರುವ ನಡುವಿನ ಎಳೆಯನ್ನು ಕತ್ತರಿಸಿ ಎಸೆಯಬೇಕು. ಅಲ್ಲಿ ಪುಟ್ಟಿ ಆಗಲೇ ಗಟ್ಟಿಯಾಗಿರುತ್ತದೆ, ಕಲಸಿದರೆ ಗಂಟು ಉಳಿಯುತ್ತವೆ. ಸಮಪಾಲು ಕಲಸಿ, ಒಂದೇ ಹಸಿರು ಬರುವತನಕ ನಾದಬೇಕು. ನೀಲಿ ಹೆಚ್ಚಾದರೆ ಗಡಸು, ಹಳದಿ ಹೆಚ್ಚಾದರೆ ಮೆದು ಮತ್ತು ಜಿಗುಟು. ಬಟ್ಟೆಯ ಮಡಿಕೆಗೆ ಹಳದಿ ಒಂದಿಷ್ಟು ಮುಂದಿದ್ದರೆ ಒಳ್ಳೆಯದು. ಕಲಸಿದ ಮೇಲೆ ಗಂಟೆಗೂ ಮಿಕ್ಕಿ ಕೈಗೆ ಬಗ್ಗುತ್ತದೆ ಎನ್ನುವುದು ತಂಪು ಊರಿನ ಲೆಕ್ಕ. ನಮ್ಮ ಬೇಸಿಗೆಯಲ್ಲಿ ಅದರ ಅರ್ಧ ಸಿಕ್ಕರೆ ಹೆಚ್ಚು. ಆದ್ದರಿಂದ ಸ್ವಲ್ಪ ಸ್ವಲ್ಪವೇ ಕಲಸಿ, ಉಳಿದ ಪಟ್ಟಿಯನ್ನು ಫ್ರಿಜ್ಜಿನಲ್ಲಿಡಿ. ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಬೇಕು.

ನಾದಿದ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಹಾಳೆಗೆ ಕೊಬ್ಬರಿ ಎಣ್ಣೆಯ ಪಸೆ ಹಚ್ಚಿ, ಲಟ್ಟಣಿಗೆಯಿಂದ ಅರ್ಧ ಮಿ.ಮೀ. ದಪ್ಪಕ್ಕೆ ಲಟ್ಟಿಸಿ. ಹತ್ತು ಹದಿನೈದು ನಿಮಿಷ ಬಿಟ್ಟು, ಸ್ವಲ್ಪ ಬಿಗಿಯಾದ ಮೇಲೆ 36 ಮಿ.ಮೀ. ಅಗಲ, 30 ಮಿ.ಮೀ. ಉದ್ದದ ತುಂಡು ಕತ್ತರಿಸಬೇಕು. ಅಗಲದ ಅಂಚಿನ ನಡುಬಿಂದುವಿನಿಂದ ಆಚೆ ಈಚೆ ಒಂಬತ್ತೊಂಬತ್ತು ಮಿ.ಮೀ. ಹಿಡಿದು ಕೂಡಿಸಿದರೆ ತಲೆಯ ಮೇಲಿನ ಚೂಪು ಮೂಲೆ ಬರುತ್ತದೆ, ಉಳಿದದ್ದು ಹೆಗಲಿನಿಂದ ಇಳಿಬೀಳುತ್ತದೆ. ಮಳೆಯಲ್ಲಿ ಕುರಿ ಕಾಯುವವರು ಹೊದೆಯುವ ಕೊಪ್ಪೆಯೂ ಹೀಗೇ ಅಲ್ಲವೇ? ಕೊಪ್ಪೆ ಕೂತಾಗ ತಲೆ ದಪ್ಪಗೆ ಕಾಣುತ್ತದೆ. ಅದಕ್ಕೇ ಮೊದಲೇ ಕುತ್ತಿಗೆಯನ್ನು ಒಂದು ಮಿ.ಮೀ. ಕತ್ತರಿಸಿ ಶಿರಸ್ತ್ರಾಣವನ್ನು ಕೆಳಗಿಳಿಸಿರಬೇಕು. ಮಡಿಕೆಗಳು ಹೆಗಲಿನಿಂದ ಹೊರಟು ಕೆಳಗೆ ಅಗಲವಾಗಲಿ. ಎಲ್ಲ ಮಡಿಕೆಯೂ ಸಮಾನಾಂತರವಾಗಿದ್ದರೆ ಕಂಬಳಿಯಂತೆ ಕಾಣದೆ ತಗಡಿನಂತೆ ಕಾಣುತ್ತದೆ. ಅಂಚನ್ನು ಒದ್ದೆ ಬೆರಳಲ್ಲಿ ಒತ್ತಿ ತೆಳುಮಾಡಿ, ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಕುಕ್ಕಿದರೆ ಉಣ್ಣೆಯ ಒರಟು ಮೂಡುತ್ತದೆ. ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಅಗ್ಗ, ಆದರೆ ಅದರ ಕಣ ದಪ್ಪ, ಬೇಗ ಗಟ್ಟಿಯಾಗುತ್ತದೆ. ಅದನ್ನು ಕಾಲಡಿಯ ಬಂಡೆಗಳಿಗೆ ಇಟ್ಟುಕೊಳ್ಳಿ.

ಇನ್ನು ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚಿನ ತಳಲೇಪ. ಹೆಚ್ಚಿನ ಗೊಂಬೆಗಳು ಕೆಡುವುದು ಇಲ್ಲಿ. ಮಧ್ಯಾಹ್ನದ ಬಿಸಿಲಲ್ಲಿ ಸ್ಪ್ರೇ ಮಾಡಿದರೆ ಬಣ್ಣದ ಹನಿ ಗೊಂಬೆ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಾಗುತ್ತದೆ, ಮೈ ಉಪ್ಪುಕಾಗದದಂತಾಗುತ್ತದೆ. ಆ ತರಿಯನ್ನು ಮೇಲಿನ ಯಾವ ಬಣ್ಣವೂ ಮುಚ್ಚಲಾರದು. ಬೆಳಿಗ್ಗೆ ಆರೂವರೆಯೊಳಗೆ, ಗಾಳಿ ಇಲ್ಲದಾಗ, ಹೊರಗೆ ನೆರಳಲ್ಲಿ ಮಾಡಿ. ಡಬ್ಬಿಯನ್ನು ಎರಡು ನಿಮಿಷ ಕುಲುಕಿ, 20ರಿಂದ 25 ಸೆಂಟಿಮೀಟರ್ ದೂರದಿಂದ, ಗೊಂಬೆಯ ಆಚೆ ಶುರುಮಾಡಿ ಈಚೆ ನಿಲ್ಲಿಸುವಂತೆ ತೆಳುವಾಗಿ ಹಾಯಿಸಿ. ಗಾಳಿ ಬಿಡದ ಆಷಾಢದಲ್ಲಿ ಬ್ರಷ್ಷಿನಿಂದ ಬಳಿಯುವ ಪ್ರೈಮರೇ ಸರಿ. ಡಬ್ಬಿಯನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಡಲೇಬೇಡಿ, ಸಿಡಿಯುತ್ತದೆ.

ನೀರಿನಲ್ಲಿ ಕರಗುವ ಆಕ್ರಿಲಿಕ್ ಬಣ್ಣಕ್ಕೆ ಎರಡು ಪಾಲಿಗೆ ಒಂದು ಪಾಲು ನೀರು ಬೆರೆಸಿ ತೆಳುವಾಗಿ ಎರಡು ಸಲ ಬಳಿದರೆ ಕಣ್ಣು ಮೂಗು ಮುಚ್ಚುವುದಿಲ್ಲ. ಸೆಕೆಯಲ್ಲಿ ತಟ್ಟೆಯ ಬಣ್ಣ ಐದು ನಿಮಿಷಕ್ಕೇ ತೊಗಲು ಕಟ್ಟುತ್ತದೆ. ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಒದ್ದೆ ಸ್ಪಂಜು ಹಾಸಿ, ಮೇಲೆ ಬೇಕರಿಯವರು ತಟ್ಟೆಗೆ ಹಾಸುವ ಕಾಗದ ಇಟ್ಟು, ಅದರ ಮೇಲೆ ಬಣ್ಣ ಕಲಸಿದರೆ ಕೆಳಗಿನ ತೇವ ಬಣ್ಣವನ್ನು ಗಂಟೆಗಟ್ಟಲೆ ಹಸಿಯಾಗಿಡುತ್ತದೆ. ಕಂಬಳಿಗೆ ಬರಿ ಕಪ್ಪು ಬಳಿಯಬೇಡಿ. ಮೂರು ಪಾಲು ಕಪ್ಪಿಗೆ ಒಂದು ಪಾಲು ಕಂದು ಸೇರಿಸಿ. ಮಡಿಕೆಯ ನೆತ್ತಿಗೆ ಅದಕ್ಕೇ ಬೂದು ಬೆರೆಸಿದ ಬಣ್ಣವನ್ನು, ಬ್ರಷ್ಷನ್ನು ಬಟ್ಟೆಗೆ ಒರೆಸಿ ಹೆಚ್ಚುಕಡಿಮೆ ಒಣಗಿಸಿಕೊಂಡು, ಸವರಿ.

ನೆಲದ ಕೆಂಪಿಗೆ ಹಣ ಕೊಡಬೇಕಿಲ್ಲ. ಮಂಗಳನ ಕೆಂಪೂ ಬಳ್ಳಾರಿ, ಸಂಡೂರು ಕಡೆಯ ಅದಿರಿನ ಧೂಳಿನ ಕೆಂಪೂ ಕಬ್ಬಿಣದ ಆಕ್ಸೈಡಿನವೇ, ಬಿಸಿಲಿಗೆ ಮಾಸುವುದಿಲ್ಲ. ಕೆಮ್ಮಣ್ಣನ್ನು ಒಣಗಿಸಿ ಕುಟ್ಟಿ, ತೆಳು ಅರಿವೆಯಲ್ಲಿ ಎರಡು ಸಲ ಸೋಸಿ. ಸೋಸದಿದ್ದರೆ ಅಳತೆ ಕೆಡುತ್ತದೆ: ಒಂದು ಮಿ.ಮೀ. ಕಣ ಈ ಗೊಂಬೆಯ ಪಕ್ಕದಲ್ಲಿ ದೊಡ್ಡ ನಿಂಬೆಹಣ್ಣಿನಷ್ಟು ಕಲ್ಲು. ಮಣ್ಣನ್ನು ಕೊಪ್ಪೆಯ ಅಂಚಿಗೂ ಬೂಟಿಗೂ ಒಣ ಬ್ರಷ್ಷಿನಿಂದ ಹಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲಿನ ಒಂದೊಂದು ಹನಿ ಬಿಟ್ಟು ಕೂರಿಸಿ. ಹೊಳಪಿಲ್ಲದ ವಾರ್ನಿಷ್ ಇದಕ್ಕೆ ಮುಂಚೆಯೇ ಆಗಿರಬೇಕು. ಮಣ್ಣಿನ ಮೇಲೆ ವಾರ್ನಿಷ್ ಹೊಡೆದರೆ ಅರ್ಧ ಕೆಂಪು ಮಾಯವಾಗುತ್ತದೆ. ಮಳೆಯ ದಿನದ ತೇವದಲ್ಲಿ ವಾರ್ನಿಷ್ ಬಿಳಿ ಮಂಜಿನಂತೆ ಹೆಪ್ಪುಗಟ್ಟುತ್ತದೆ, ಒಣ ದಿನಕ್ಕೆ ಕಾಯಿರಿ. ಬೆನ್ನ ಹಿಂದೆ ಪಾಳು ಕಟ್ಟಡ ಬೇಕೆನ್ನುವವರು ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಬೃಹತ್ ಶಿಲಾ ಸಂಸ್ಕೃತಿ ಕಾಲದ ಕಲ್ಲುಚಪ್ಪಡಿಯ ಗೋರಿಮನೆಗಳನ್ನು ನೋಡಿ ಬರಲಿ. ದುಂಡು ಕಿಂಡಿಯ ಆ ಚಪ್ಪಡಿಗಳಷ್ಟು ಬೇರೆ ಲೋಕದ್ದೆನಿಸುವ ಕಟ್ಟಡ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಎರಡೂವರೆ ಮೀಟರ್ ಎತ್ತರದ ಮನೆ ನಮ್ಮ ಅಳತೆಯಲ್ಲಿ 45 ಮಿ.ಮೀ. ಆಗುತ್ತದೆ, ಥರ್ಮಾಕೋಲಿನಲ್ಲಿ ಕತ್ತರಿಸಬಹುದು. ಥರ್ಮಾಕೋಲಿಗೆ ಸ್ಪ್ರೇ ಮಾತ್ರ ಬೇಡ, ಕರಗಿಹೋಗುತ್ತದೆ.

ಪಾಲಕರಿಗೆ ಒಂದು ಮಾತು. ರೆಸಿನ್ ಉಜ್ಜುವಾಗ ನೀರು ಹಾಕಿಯೇ ಉಜ್ಜಬೇಕು, ಮಾಸ್ಕ್ ಇರಬೇಕು. ಆ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ತ್ರೀಡಿ ಪ್ರಿಂಟರಿನ ಹಸಿ ರೆಸಿನ್ನನ್ನು ಬರಿಗೈಯಲ್ಲಿ ಮುಟ್ಟಬಾರದು. ಅದನ್ನು ತೊಳೆದ ದ್ರವವನ್ನು ಚರಂಡಿಗೆ ಚೆಲ್ಲಬಾರದು, ಬಿಸಿಲಿಗಿಟ್ಟು ಅದರೊಳಗಿನ ರೆಸಿನ್ನನ್ನು ಗಟ್ಟಿಮಾಡಿ ಬಿಸಾಡಬೇಕು.

ತಮ್ಮಲ್ಲಿ ಒಂದು ಕೋರಿಕೆ. ಮಕ್ಕಳ ಪುಟದಲ್ಲಿ ಈ ಕೊಪ್ಪೆಯ ಕತ್ತರಿ ನಕ್ಷೆಯನ್ನು ಅಚ್ಚು ಮಾಡಿಸಿ: 36 ಮಿ.ಮೀ. ಅಗಲ, 30 ಮಿ.ಮೀ. ಉದ್ದ, ಮೇಲಂಚಿನ ನಡುವಿನಿಂದ ಎರಡೂ ಕಡೆ 9 ಮಿ.ಮೀ.ಗೆ ಗುರುತು. ಪುಟದ ಜಾಗಕ್ಕೆಂದು ಕುಗ್ಗಿಸದೆ ನಿಜ ಅಳತೆಯಲ್ಲೇ ಬರಲಿ. ಕುಗ್ಗಿದರೆ ಕೊಪ್ಪೆ ಹೆಗಲು ದಾಟುವುದಿಲ್ಲ.

ಇಂತಿ,
ನಿಮ್ಮ ಓದುಗರು
ಭಾಗ್ಯನಗರ, ಕೊಪ್ಪಳ